ಜಮ್ಮ ಜಾಗಕ್ಕೆ ಅಡ್ವಾನ್ಸ್ ಕೊಡೋ ಮುಂಚೆ ಇದನ್ನು ಓದಿ: ನನ್ನ ಒಂಬತ್ತು ಲಕ್ಷ ಹೋದ ಕಥೆ

ಕೊಡಗಿನಲ್ಲಿ ಎರಡೆಕರೆ ಕಾಫಿ ತೋಟ ಮಾಡಬೇಕು ಅಂತ ಆಸೆ ಇಟ್ಟುಕೊಂಡಿರೋರು ದಯವಿಟ್ಟು ಕೊನೆವರೆಗೂ ಓದಿ. ಜಮ್ಮ ಅಂದರೆ ಇಲ್ಲಿ ಇಡೀ ಮನೆತನಕ್ಕೆ ಸೇರಿ ವಂಶಪಾರಂಪರ್ಯವಾಗಿ ಬಂದ ಜಮೀನು. ನಾನು 9 ಲಕ್ಷ ಕೊಟ್ಟು ಕೂತಿದ್ದೇನೆ. ತೋಟವೂ ಇಲ್ಲ, ದುಡ್ಡೂ ಇಲ್ಲ. ದುಡ್ಡು ತಗೊಂಡವರ ಹೆಸರು, ಊರು ಯಾವುದನ್ನೂ ಹಾಕಲ್ಲ, ವಕೀಲರು ಬೇಡ ಅಂದಿದ್ದಾರೆ. ವಿರಾಜಪೇಟೆ ಕಡೆಯವರು, ಅಷ್ಟು ಸಾಕು. ಇದನ್ನು ಬರೆಯೋಕೆ ನಾಚಿಕೆ ಆಗ್ತಿದೆ. ಆದರೂ ಬರೀತಿದ್ದೇನೆ, ಯಾಕೆಂದರೆ ಹೋದ ತಿಂಗಳು ನಮ್ಮ ಬೀದಿಯವರೇ ಒಬ್ಬರು ಇದೇ ಥರ ಒಂದು ಜಾಗಕ್ಕೆ ಟೋಕನ್ ಕೊಡೋಕೆ ಹೊರಟಿದ್ದರು.

ನಾನು ಹೊಸಬ ಅಲ್ಲ. ಬೆಂಗಳೂರಿಂದ ವೀಕೆಂಡಿಗೆ ಬಂದು ಮೋಸ ಹೋದವನಲ್ಲ. ಕುಶಾಲನಗರದಲ್ಲಿ 22 ವರ್ಷದಿಂದ ಪೈಪು, ಸ್ಪ್ರಿಂಕ್ಲರ್, ಮೋಟಾರ್ ರಿಪೇರಿ ಅಂಗಡಿ ಇಟ್ಟವನು. ಫೆಬ್ರವರಿ ಬಂತು ಅಂದರೆ ಕಾಫಿ ಹೂ ಬಿಡಿಸೋ ಹೂಮಳೆ ಬರುತ್ತೋ ಇಲ್ಲವೋ ಅಂತ ತೋಟದವರಿಗಿಂತ ಮೊದಲು ಆಕಾಶ ನೋಡೋನು ನಾನು. ಇಲ್ಲಿನ ವ್ಯವಹಾರ ಹೇಗೆ ನಡೆಯುತ್ತೆ ಅಂತ ನಿಮಗೆ ಗೊತ್ತಲ್ಲ. ವರ್ಷವಿಡೀ ಉದ್ರಿ. ಪೈಪು ಒಯ್ಯುತ್ತಾರೆ, ಮೋಟಾರ್ ವೈಂಡಿಂಗ್ ಮಾಡಿಸ್ತಾರೆ, ಪುಸ್ತಕದಲ್ಲಿ ಬರೀತೀವಿ, ಕಾಫಿ ಮಾರಿದ ಮೇಲೆ ಬಂದು ಒಂದೇ ಸಲ ಕೊಟ್ಟು ಹೋಗ್ತಾರೆ. ಸಹಿ ಇಲ್ಲ, ಚೆಕ್ ಇಲ್ಲ, ಮಾತೇ ಎಲ್ಲ. ನನ್ನ ದುಡ್ಡು ತಗೊಂಡ ಈ ಮನುಷ್ಯ 14 ವರ್ಷ ನನ್ನ ಹತ್ತಿರ ಉದ್ರಿ ಮಾಡಿದ್ದಾರೆ. 2018ರಲ್ಲಿ ಆ ಮಳೆಗೆ ಗುಡ್ಡ ಕುಸಿದು ಅರ್ಧ ಕೊಡಗು ಕಂಗಾಲಾದ ವರ್ಷವೂ ಮುಂದಿನ ಏಪ್ರಿಲ್ ಒಳಗೆ ಬಾಕಿ ತಂದು ಕೊಟ್ಟರು. ಒಂದು ರೂಪಾಯಿ ಉಳಿಸಿಕೊಂಡಿಲ್ಲ. ಇಂಥವರನ್ನು ನಂಬದೆ ಇನ್ಯಾರನ್ನು ನಂಬಲಿ? ನಾನು ಎಡವಿದ್ದೇ ಅಲ್ಲಿ. ಪೈಪಿನ ಬಾಕಿ ಅವರದ್ದು, ಅವರೇ ಕೊಡಬಹುದು. ಭೂಮಿ ಅವರೊಬ್ಬರದ್ದಲ್ಲ.

2024ರ ಮಾರ್ಚ್. ರೊಬಸ್ಟಾ ಬೆಲೆ ಏರೋಕೆ ಶುರುವಾಗಿತ್ತು, ಅಂಗಡಿಗೆ ಬಂದವರದ್ದೆಲ್ಲ ಅದೇ ಮಾತು. ಕೃಷಿಕರಲ್ಲದವರೂ ಜಮೀನು ಕೊಳ್ಳಬಹುದು ಅಂತ 2020ರಲ್ಲಿ ಭೂಸುಧಾರಣಾ ಕಾಯ್ದೆಗೆ ತಿದ್ದುಪಡಿ ಬಂದಿದ್ದು ನನಗೂ ಗೊತ್ತಿತ್ತು. ಇವರೇ ಬಂದು ಕೂತು, "ಎರಡೆಕರೆ ಬಿಟ್ಟುಕೊಡ್ತೀನಿ, ಪರಿಚಯದವರಿಗೇ ಹೋಗಲಿ ಅಂತ ಆಸೆ" ಅಂದರು. ಎಕರೆಗೆ 18 ಲಕ್ಷ, ಅಡ್ವಾನ್ಸ್ 9 ಲಕ್ಷ, ಆರು ತಿಂಗಳಲ್ಲಿ ರಿಜಿಸ್ಟ್ರೇಷನ್. ಚೀಟಿ ಎತ್ತಿದ್ದು 4 ಲಕ್ಷ, ಹೆಂಡತಿಯ ಒಡವೆ ಅಡ ಇಟ್ಟಿದ್ದು 3 ಲಕ್ಷ, ಅಂಗಡಿ ಸ್ಟಾಕಿನ ದುಡ್ಡು 2 ಲಕ್ಷ. 5 ಲಕ್ಷ ಬ್ಯಾಂಕಿಂದ ಹಾಕಿದೆ. 4 ಲಕ್ಷ ನಗದು ಬೇಕು, "ಮನೆಯವರಿಗೆ ಹಂಚಬೇಕಲ್ಲ" ಅಂದರು. ಮನೆಯವರಿಗೆ ಹಂಚಬೇಕು! ಆ ಮಾತು ಕೇಳಿದಾಗಲೇ ನನ್ನ ತಲೆ ಓಡಬೇಕಿತ್ತು. ಒಬ್ಬರದ್ದೇ ಜಾಗ ಆಗಿದ್ದರೆ ಯಾರಿಗೆ ಹಂಚೋದು?

ಕಾಗದ ಮಾಡಿದ್ದು ಅವರ ಮನೆಯಲ್ಲೇ. ಛಾಪಾ ಕಾಗದ, ನೋಟರಿ, ಎರಡು ಸಾಕ್ಷಿ. ಪಹಣಿಯ ಜೆರಾಕ್ಸ್ ಒಂದನ್ನು ನನ್ನ ಕೈಗೆ ಕೊಟ್ಟರು. ಒಂಬತ್ತನೇ ಕಾಲಂ ತೋರಿಸಿ, "ನೋಡಿ, ನನ್ನ ಹೆಸರೇ ಇದೆ. ಪಟ್ಟೆದಾರ ನಾನೇ. ಸರ್ಕಾರವೇ ಒಪ್ಪಿಕೊಂಡ ಮೇಲೆ ಇನ್ನೇನು?" ಅಂದರು. ನೋಡಿದೆ. ಹೆಸರಿತ್ತು. ಹೆಸರಿನ ಕೊನೆಗೆ ಒಂದು ಅಲ್ಪವಿರಾಮ ಇತ್ತು. ಪೂರ್ಣವಿರಾಮ ಅಲ್ಲ, ಅಲ್ಪವಿರಾಮ. ಅದರ ಕೆಳಗೆ ಬಿಳಿ. ಜೆರಾಕ್ಸ್ ಮಾಡುವಾಗ ಕೆಳಗಿನ ಭಾಗದ ಮೇಲೆ ಒಂದು ಕಾಗದ ಇಟ್ಟಿದ್ದರು ಅನ್ನೋದು, ಅದರ ಅಂಚಿನ ಮಸುಕು ಗೆರೆ ಕೂಡ ಜೆರಾಕ್ಸಲ್ಲಿ ಬಿದ್ದಿತ್ತು ಅನ್ನೋದು ನನಗೆ ಕಂಡಿದ್ದು ಹನ್ನೊಂದು ತಿಂಗಳ ಮೇಲೆ. ಈಗ ದಿನಾ ಕಾಣುತ್ತೆ. ರಾತ್ರಿ ನಿದ್ದೆ ಬರದಿದ್ದಾಗಲೂ ಅದೇ ಕಾಣುತ್ತೆ.

ಮೊಬೈಲಲ್ಲಿ ಸರ್ವೆ ನಂಬರ್ ಹಾಕಿದ್ದರೆ ಪೂರ್ತಿ ಪಹಣಿ ಎರಡು ನಿಮಿಷದಲ್ಲಿ ನೋಡಬಹುದಿತ್ತು. ನೋಡಲಿಲ್ಲ. ಇಸಿ (ಋಣಭಾರ ಪತ್ರ) ಮಾತ್ರ ತೆಗೆಸಿದೆ, ಕ್ಲೀನ್ ಬಂತು, ಖುಷಿಪಟ್ಟೆ. ಇಸಿಯಲ್ಲಿ ಕಾಣೋದು ರಿಜಿಸ್ಟರ್ ಆದ ವ್ಯವಹಾರ ಮಾತ್ರ. ಒಕ್ಕದೊಳಗೆ, ಅಂದರೆ ಆ ಮನೆತನದೊಳಗೆ, ಯಾರಿಗೆ ಎಷ್ಟು ಹಕ್ಕಿದೆ, ಯಾರು ಎಷ್ಟು ವರ್ಷದಿಂದ ಯಾವ ಮೂಲೆ ಸಾಗುವಳಿ ಮಾಡ್ತಿದ್ದಾರೆ ಅನ್ನೋದು ಅದರಲ್ಲಿ ಬರಲ್ಲ. ಜಮ್ಮ ಜಾಗದಲ್ಲಿ ಇಸಿ ಕ್ಲೀನ್ ಇದ್ದರೆ ಅದಕ್ಕೆ ಅರ್ಥವೇ ಇಲ್ಲ.

ಆಮೇಲೆ ಶುರುವಾಯ್ತು. ಸೆಪ್ಟೆಂಬರಲ್ಲಿ ಕೇಳಿದರೆ, "ಕೈಲ್‌ಪೊಳ್ದ್ ಹಬ್ಬ ಮುಗೀಲಿ." ಅಕ್ಟೋಬರಲ್ಲಿ ಕೇಳಿದರೆ, "ಕಾವೇರಿ ಸಂಕ್ರಮಣ ಬಂತಲ್ಲ, ಎಲ್ಲರೂ ತಲಕಾವೇರಿಗೆ ಹೋಗ್ತಾರೆ, ಆಮೇಲೆ." ನವೆಂಬರಲ್ಲಿ, "ಪುತ್ತರಿ ಹಬ್ಬ ಆಗಲಿ, ಆಗ ಒಕ್ಕದವರೆಲ್ಲ ಊರಿಗೆ ಬರ್ತಾರೆ." ಪುತ್ತರಿ ಆಯ್ತು. "ಕುಯ್ಲು ನಡೀತಿದೆ, ಆಳಿಲ್ಲ, ಈಗ ಕಾಗದದ ಮಾತು ಎತ್ತಬೇಡಿ." ಎಲ್ಲವೂ ನಿಜವಾದ ಕಾರಣಗಳೇ. ಹಬ್ಬ ನಿಜ, ಕುಯ್ಲು ನಿಜ, ಆಳಿಲ್ಲದ್ದೂ ನಿಜ. ಅದಕ್ಕೇ ನಾನು ಜಗಳ ಆಡಲಿಲ್ಲ. ಹಬ್ಬದ ದಿನ ದುಡ್ಡು ಕೇಳೋಕೆ ಯಾರಿಗೆ ಬಾಯಿ ಬರುತ್ತೆ?

2025ರ ಫೆಬ್ರವರಿಯಲ್ಲಿ ಬೇಲಿ ಎಲ್ಲಿ ಬರುತ್ತೆ ಅಂತಾದರೂ ನೋಡೋಣ ಅಂತ ಪರಿಚಯದ ಸರ್ವೆಯರ್ ಒಬ್ಬರನ್ನು ಕರ್ಕೊಂಡು ಹೋದೆ. ಇವರಿಗೆ ಫೋನ್ ಮಾಡಿದೆ, ಎತ್ತಲಿಲ್ಲ. ಟೇಪ್ ಬಿಚ್ಚಿದ್ದೇ ತಡ, ಇಬ್ಬರು ಹುಡುಗರು ಬಂದು ಯಾರು ನೀವು ಅಂದರು. ಕೊಂಡವನು ಅಂದೆ. ಅವರು ಸಿಟ್ಟಾಗಲಿಲ್ಲ. ಸಿಟ್ಟಾಗಿದ್ದರೂ ಚೆನ್ನಾಗಿತ್ತು. ಒಬ್ಬರ ಮುಖ ಒಬ್ಬರು ನೋಡಿಕೊಂಡರು. "ದೊಡ್ಡಮ್ಮನ ಹತ್ತಿರ ಬನ್ನಿ" ಅಂತ ಐನ್‌ಮನೆಗೆ, ಅಂದರೆ ಒಕ್ಕದ ಮೂಲ ಮನೆಗೆ, ಕರ್ಕೊಂಡು ಹೋದರು.

ಎಂಬತ್ತು ದಾಟಿದ ಹೆಂಗಸು. ಜಗಲಿಯಲ್ಲಿ ಕೂರಿಸಿ ಬೆಲ್ಲದ ಕಾಫಿ ಕೊಟ್ಟರು. ಒಳಗಿಂದ ಪ್ಲಾಸ್ಟಿಕ್ ಕವರಲ್ಲಿ ಸುತ್ತಿದ ಪಹಣಿ ತರಿಸಿದರು. ಆ ಅಲ್ಪವಿರಾಮ ಆದ ಮೇಲೆ 16 ಹೆಸರು ಇದ್ದವು. ಹದಿನಾರು. ಆ ಮನುಷ್ಯನದ್ದು ಸೇರಿ 17. ಅದರಲ್ಲಿ ನಾಲ್ಕು ಜನ ತೀರಿಕೊಂಡಿದ್ದಾರೆ, ಅವರ ಮಕ್ಕಳ ಹೆಸರು ಇನ್ನೂ ಏರಿಲ್ಲ. ಇಬ್ಬರು ವಿದೇಶದಲ್ಲಿದ್ದಾರೆ. ಸೈನ್ಯದಲ್ಲಿರೋ ಒಬ್ಬನಿಗೆ ವರ್ಷಕ್ಕೆ ಒಂದು ಸಲ ರಜೆ. ದೊಡ್ಡಮ್ಮ ಬೆರಳಿಟ್ಟು ಒಂದೊಂದೇ ಹೆಸರು ಓದಿದರು, ಯಾರು ಎಲ್ಲಿದ್ದಾರೆ ಅಂತ ಹೇಳ್ತಾ. ನನಗೆ ಮೈಯೆಲ್ಲ ಬೆವರು. ಕೈಯಲ್ಲಿದ್ದ ಜೆರಾಕ್ಸ್ ಮಡಚಿ ಜೇಬಿಗೆ ಹಾಕಿಕೊಂಡೆ, ಅವರು ನೋಡೋದು ಬೇಡ ಅಂತ. ನೋಡಿಬಿಟ್ಟಿದ್ದರು.

"ಪಟ್ಟೆದಾರ ಅಂದರೆ ಕಂದಾಯ ಕಟ್ಟೋನು. ಹಿರಿಯ ಅಂತ ಹೆಸರು ಮೊದಲು ಬರೆಸಿರೋದು. ಮಾರೋಕಲ್ಲ" ಅಂದರು. ಅಷ್ಟೇ ಹೇಳಿದ್ದು. ನನಗೆ ಬೈಯಲಿಲ್ಲ.

ಸಂಜೆ ಫೋನ್ ಎತ್ತಿದರು ನಮ್ಮ ಪಟ್ಟೆದಾರರು. ಅವರು ಹೇಳಿದ್ದನ್ನು ಹೇಳಿದ ಹಾಗೇ ಬರೀತೀನಿ.

"ನನ್ನ ಕೇಳದೆ ಐನ್‌ಮನೆಗೆ ಯಾಕೆ ಹೋದ್ರಿ? ಮರ್ಯಾದೆ ಅನ್ನೋದು ಬೇಡವಾ?"

"16 ಜನ ಇದ್ದಾರಲ್ಲ ಸಾರ್?"

"ಇರ್ತಾರೆ. ಎಲ್ಲಾ ಜಮ್ಮದಲ್ಲೂ ಇರ್ತಾರೆ. ನಿಮಗೆ ಗೊತ್ತಿರಲಿಲ್ವಾ? ಇಷ್ಟು ವರ್ಷ ಇಲ್ಲಿದ್ದೀರಿ."

"ಹಾಗಾದರೆ ದುಡ್ಡು ವಾಪಸ್ ಕೊಡಿ."

"ಅದು ನನ್ನೊಬ್ಬನ ಕೈಯಲ್ಲಿ ಇಲ್ಲ. ಒಕ್ಕ ಕೂತು ತೀರ್ಮಾನ ಮಾಡಬೇಕು."

ಇದನ್ನು ಇನ್ನೊಂದು ಸಲ ಓದಿ. ನಾನು ನೂರು ಸಲ ನೆನಪು ಮಾಡಿಕೊಂಡಿದ್ದೇನೆ. ತಗೊಳ್ಳುವಾಗ ಪಹಣಿ ತೋರಿಸಿದರು, ಸರ್ಕಾರದ ಕಾಗದ, ನನ್ನ ಹೆಸರು, ನಾನೇ ಎಲ್ಲ ಅಂದರು. ಕೊಡುವಾಗ ಒಕ್ಕ ಅಂದರು, ಪದ್ಧತಿ ಅಂದರು, ನನ್ನ ಕೈಯಲ್ಲಿ ಇಲ್ಲ ಅಂದರು. ತಗೊಂಡ ಕೈ ಒಂದು, ಕೊಡಬೇಕಾದ ಕೈ ಹದಿನೇಳು! ಇದಕ್ಕಿಂತ ಕಳ್ಳತನವಾದರೂ ಮೇಲು, ಕಳ್ಳನಾದರೆ ತಾನು ಕದ್ದಿದ್ದಕ್ಕೆ ಮನೆಯವರನ್ನು ಎಳೆಯಲ್ಲ.

ಆಮೇಲೆ ವಾಟ್ಸಾಪಲ್ಲಿ ಬರೆದರು, ಹಣ ಒಕ್ಕಕ್ಕೇ ಖರ್ಚಾಗಿದೆ, ಕೈಮಡದ ಮಾಡು ರಿಪೇರಿ ಮಾಡಿಸಿದೆ ಅಂತ. ಮತ್ತೆ ಹೋದೆ. ದೊಡ್ಡಮ್ಮ ಕೋಲು ಹಿಡಿದು ತಾವೇ ನಡೆದು ಬಂದು ಕೈಮಡ ತೋರಿಸಿದರು. ಎಡಗಡೆ ಆರೇಳು ಹೆಂಚು ಜಾರಿ, ಮಳೆ ನೀರು ಇಳಿದು ಗೋಡೆ ಹಸಿರಾಗಿತ್ತು. ಹಿರಿಯರ ಗುಡಿ ಅದು. ಅದರ ಹೆಸರಲ್ಲೂ ಸುಳ್ಳು. ಆ ಅಜ್ಜಿ ಏನೂ ಮಾತಾಡಲಿಲ್ಲ, ಹೆಂಚು ನೋಡ್ತಾ ನಿಂತಿದ್ದರು. ನನ್ನ ದುಡ್ಡಿಗಿಂತ ಅವತ್ತು ಅವರಿಗೆ ಆದ ಅವಮಾನವೇ ದೊಡ್ಡದು ಅನ್ನಿಸಿತು.

ಇಲ್ಲೊಂದು ಮಾತು ಸ್ಪಷ್ಟವಾಗಿ ಹೇಳ್ತೀನಿ. ಇದನ್ನು ಓದಿ ಕೊಡಗಿನ ಜನ ಹೀಗೆ ಅಂತ ಯಾರೂ ಬರೀಬೇಡಿ. ಆ 16 ಜನರದ್ದು ತಪ್ಪಿಲ್ಲ. ಜಮ್ಮ ಅನ್ನೋದು ಹಾಲೇರಿ ರಾಜರ ಕಾಲದಿಂದ ಬಂದಿದ್ದು. ಸೇವೆ ಮಾಡಿದ ಕುಟುಂಬಕ್ಕೆ ವಂಶಪಾರಂಪರ್ಯವಾಗಿ ಕೊಟ್ಟ ಗದ್ದೆ, ಅದಕ್ಕೆ ಮಾಮೂಲಿ ಸಾಗು ಜಮೀನಿನ ಅರ್ಧ ಕಂದಾಯ. ಗದ್ದೆಗೆ ಸೊಪ್ಪು, ಸೌದೆ, ದನ ಮೇಯೋಕೆ ಅಂತ ಜೊತೆಗೆ ಕೊಟ್ಟಿದ್ದು ಬಾಣೆ. ಆ ಬಾಣೆಯಲ್ಲೇ ಈಗ ಕಾಫಿ ಇರೋದು. 1834ರಲ್ಲಿ ಬ್ರಿಟಿಷರು ಕೊಡಗನ್ನು ತಗೊಂಡ ಮೇಲೂ ಇದನ್ನು ಉಳಿಸಿಕೊಂಡರು, 1899ರ ಕಂದಾಯ ರೆಗ್ಯುಲೇಷನ್ನಿನಲ್ಲಿ ಬರೆದೇ ಇಟ್ಟರು. ಸರ್ಕಾರದ ಅನುಮತಿ ಇಲ್ಲದೆ ಮಾರೋ ಹಾಗಿರಲಿಲ್ಲ, ಅಡ ಇಡೋ ಹಾಗಿರಲಿಲ್ಲ. ಒಬ್ಬ ಕುಡುಕನೋ ಸಾಲಗಾರನೋ ಹುಟ್ಟಿದರೆ ಇಡೀ ಮನೆತನ ಬೀದಿಗೆ ಬರಬಾರದು ಅಂತಲೇ ಆ ಕಟ್ಟು ಇದ್ದಿದ್ದು. ಅದರಿಂದಲೇ ಎಷ್ಟೋ ಮನೆಗಳ ಭೂಮಿ ಉಳಿದಿದೆ. 1956ರಲ್ಲಿ ಕೊಡಗು ಮೈಸೂರು ರಾಜ್ಯಕ್ಕೆ ಸೇರಿತು, 1964ರ ಭೂಕಂದಾಯ ಕಾಯ್ದೆ ಬಂತು, ಪಹಣಿ ಕಂಪ್ಯೂಟರಿಗೆ ಹೋಯ್ತು. ಆ ಕಂಪ್ಯೂಟರಿನಲ್ಲಿ ಪಟ್ಟೆದಾರನ ಹೆಸರು ಮೊದಲು ಬರುತ್ತೆ, ನನ್ನಂಥವನು ಅದನ್ನು ನೋಡಿ ಮಾಲೀಕ ಅಂದುಕೊಳ್ಳುತ್ತಾನೆ. ಪಟ್ಟೆದಾರಿಕೆ ಅನ್ನೋದು ಜವಾಬ್ದಾರಿ. ಅದನ್ನು ಈ ಮನುಷ್ಯ ಸೇಲ್‌ಗೆ ಇಟ್ಟರು. ನನಗೆ ಉರಿಯೋದು ಅದಕ್ಕೆ.

ವಕೀಲರು ಹೇಳಿದ್ದು ಇಷ್ಟು. ಕ್ರಯದ ಕರಾರಿನಿಂದಲೇ ಜಮೀನಿನ ಮೇಲೆ ಹಕ್ಕು ಹುಟ್ಟಲ್ಲ, 1882ರ ಸ್ವತ್ತು ವರ್ಗಾವಣೆ ಕಾಯ್ದೆಯ 54ನೇ ಸೆಕ್ಷನ್‌ನಲ್ಲೇ ಅದಿದೆ. ಜಂಟಿ ಆಸ್ತಿಯಲ್ಲಿ ಒಬ್ಬ ಕೊಡೋದಾದರೆ ತನ್ನ ಪಾಲನ್ನು ಮಾತ್ರ ಕೊಡಬಹುದು, ಪಾಲೇ ಆಗದ ಜಾಗದಲ್ಲಿ "ಈ ಎರಡೆಕರೆ" ಅಂತ ಬೆರಳು ತೋರಿಸೋ ಅಧಿಕಾರ ಯಾರಿಗೂ ಇಲ್ಲ. ಸರ್ವೆ ನಂಬರಿನ ಒಂದು ತುಂಡು ರಿಜಿಸ್ಟರ್ ಆಗಬೇಕಾದರೆ ಆ ತುಂಡನ್ನು ಸರ್ವೆಯವರು ಅಳೆದು ಕೊಡೋ 11ಇ ನಕ್ಷೆ ಬೇಕು, ಅದು ಇಲ್ಲಿ ಹುಟ್ಟೋ ಹಾಗೇ ಇರಲಿಲ್ಲ. ಹೆಣ್ಣುಮಕ್ಕಳ ಹಕ್ಕಿನ ಮಾತನ್ನೂ ಹಿಂದೂ ಉತ್ತರಾಧಿಕಾರ ಕಾಯ್ದೆಗೆ 2005ರ ತಿದ್ದುಪಡಿ ಆದ ಮೇಲೆ ಪಕ್ಕಕ್ಕೆ ಇಡೋಕಾಗಲ್ಲ ಅಂದರು. ಒಕ್ಕದ ಮೇಲೆ ಕೇಸು ಹಾಕಿದರೆ ನಿಲ್ಲಲ್ಲ, ಆದರೆ ಸಹಿ ಮಾಡಿ ದುಡ್ಡು ತಗೊಂಡವರು ಸ್ವಂತವಾಗಿ ವಾಪಸ್ ಕೊಡಲೇಬೇಕು, ಒಕ್ಕದ ಹಿಂದೆ ಅಡಗೋಕಾಗಲ್ಲ. ಈ ಒಂದು ಮಾತಿಂದ ಸ್ವಲ್ಪ ಉಸಿರು ಬಂತು. ಆಮೇಲೆ ನಗದಿನ ಬಗ್ಗೆ ಕೇಳಿದರು. ಜಮೀನಿನ ಅಡ್ವಾನ್ಸು 20,000 ಅಥವಾ ಅದಕ್ಕಿಂತ ಹೆಚ್ಚು ಇದ್ದರೆ ನಗದಾಗಿ ತಗೊಳ್ಳೋ ಹಾಗೇ ಇಲ್ಲವಂತೆ, ಆದಾಯ ತೆರಿಗೆ ಕಾನೂನು. ನಾನು ಕೊಟ್ಟಿದ್ದು 4 ಲಕ್ಷ, ರಸೀದಿ ಇಲ್ಲ. ವಕೀಲರು ಪೆನ್ನು ಕೆಳಗಿಟ್ಟು ನನ್ನ ಮುಖ ನೋಡಿದರು. ಹೆಂಡತಿ ಪಕ್ಕದಲ್ಲೇ ಕೂತಿದ್ದಳು. ಅವಳಿಗೆ ಅವತ್ತಿನವರೆಗೂ ನಗದಿನ ವಿಷಯ ಹೇಳಿರಲಿಲ್ಲ.

ಜಮ್ಮ ಜಾಗ ಅಂದರೆ ಮೊದಲು ನೀವೇ ಪೂರ್ತಿ ಪಹಣಿ ತೆಗೀರಿ, ಒಂಬತ್ತನೇ ಕಾಲಂನ ಕೊನೇ ಹೆಸರಿನವರೆಗೂ ಓದಿ. ಮಾರೋರು ಕೊಟ್ಟ ಜೆರಾಕ್ಸ್ ಮುಟ್ಟಬೇಡಿ. ಎಲ್ಲ ಹೆಸರಿನವರೂ, ತೀರಿಕೊಂಡವರ ಮಕ್ಕಳೂ ಸಬ್ ರಿಜಿಸ್ಟ್ರಾರ್ ಮುಂದೆ ಸಹಿ ಹಾಕೋಕೆ ಬರ್ತಾರಾ ಕೇಳಿ. ಬರಲ್ಲ ಅಂದರೆ ಟೋಕನ್ನೂ ಬೇಡ, ಕಾಫಿ ಕುಡಿದು ಎದ್ದು ಬನ್ನಿ. ಐನ್‌ಮನೆಗೆ ಹೋಗಿ ಹಿರಿಯರನ್ನು ಮಾತಾಡಿಸಿ. "ಅಲ್ಲಿಗೆ ಹೋಗಬೇಡಿ, ನಾನಿದ್ದೀನಲ್ಲ" ಅಂದರೆ ಅಲ್ಲೇ ಮುಗೀತು. ಅಡ್ವಾನ್ಸು ನಗದಲ್ಲಿ ಒಂದು ಪೈಸೆ ಕೊಡಬೇಡಿ. ಕರಾರಿನ ಗಡುವು ಮುಗಿದ ದಿನದಿಂದ ಮೂರು ವರ್ಷದೊಳಗೆ ಕೋರ್ಟಿಗೆ ಹೋಗಬೇಕು, "ಪುತ್ತರಿ ಆಗಲಿ" ಅಂತ ಕೇಳ್ತಾ ಕೂತರೆ ಆ ಮೂರು ವರ್ಷವೂ ಹೋಗುತ್ತೆ.

ನೋಟಿಸ್ ಕಳಿಸಿದ್ದೇವೆ. ಅದಕ್ಕೂ ಉತ್ತರ ಬಂತು: "ಹಳೆ ಸ್ನೇಹ ಕಾಗದದಲ್ಲಿ ಮುಗಿಸ್ತೀರಾ?" 5 ಲಕ್ಷದ್ದು ಬ್ಯಾಂಕ್ ದಾಖಲೆ ಇದೆ. ನಗದಿನದ್ದು ಆ ಇಬ್ಬರು ಸಾಕ್ಷಿಗಳ ಬಾಯಿಯಲ್ಲಿದೆ, ಒಬ್ಬರು ಈಗಾಗಲೇ ನನಗೆ ನೆನಪಿಲ್ಲ ಅಂದಿದ್ದಾರೆ. ಒಡವೆಗೆ ತಿಂಗಳು ತಿಂಗಳು ಬಡ್ಡಿ ಕಟ್ತಿದ್ದೇನೆ.

ಮೊನ್ನೆ ಅವರ ಮಗ ಅಂಗಡಿಗೆ ಬಂದಿದ್ದ. ಫುಟ್‌ವಾಲ್ವ್ ಬೇಕಿತ್ತು, ಹೊಳೆಯಿಂದ ನೀರು ಎತ್ತುತ್ತಿಲ್ಲ ಅಂದ. ತೆಗೆದುಕೊಟ್ಟೆ. ಯಾವತ್ತಿನ ಹಾಗೆ "ಬರ್ಕೊಳ್ಳಿ ಅಣ್ಣ" ಅಂತ ಹೊರಟ. ದುಡ್ಡು ಇಟ್ಟು ಹೋಗಪ್ಪ ಅಂದೆ. ಹುಡುಗ ತಲೆ ತಗ್ಗಿಸಿ ನಿಂತ, ಆಮೇಲೆ ಪರ್ಸಿನಿಂದ ಎಣಿಸಿ ಗಾಜಿನ ಮೇಲೆ ಇಟ್ಟ. 14 ವರ್ಷದಲ್ಲಿ ಆ ಮನೆಯಿಂದ ನಾನು ಕೈಗೆ ಕೈ ದುಡ್ಡು ಇಸ್ಕೊಂಡಿದ್ದು ಅದೇ ಮೊದಲು.