ಜೆ.ಸಿ. ರಸ್ತೆಯ ಮೂರನೇ ಡಬ್ಬಿ: ಅಗ್ಗದ ಕಾರ್ ಸ್ಪೇರ್ ಎಲ್ಲಿ ಸೈ, ಎಲ್ಲಿ ಬೇಡ

ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ಟೌನ್ ಹಾಲ್ ಕಡೆಯಿಂದ ಮಿನರ್ವ ವೃತ್ತದವರೆಗೆ ನಡೆದರೆ ಸಿಗದ ಕಾರ್ ಸಾಮಾನಿಲ್ಲ. ಸ್ವಿಫ್ಟ್‌ಗೆ ಮುಂದಿನ ಬ್ರೇಕ್ ಪ್ಯಾಡ್ ಕೇಳಿದರೆ ಕೌಂಟರ್ ಮೇಲೆ ಮೂರು ಡಬ್ಬಿ ಬಂದು ಕೂರುತ್ತವೆ. ಕಾರು ಕಂಪನಿಯ ಲೋಗೋ ಇರುವುದೊಂದು, ಪ್ಯಾಡ್ ತಯಾರಕರದೇ ಹೆಸರಿನದೊಂದು, ಯಾರೂ ಹೆಸರು ಕೇಳಿರದ 'ಲೋಕಲ್' ಇನ್ನೊಂದು. ಮೂರನೆಯದು ಮೊದಲನೆಯದರ ಅರ್ಧ ಬೆಲೆಗೂ ಸಿಗುತ್ತದೆ. ಈ ವಿಮರ್ಶೆ ಆ ಮೂರನೇ ಡಬ್ಬಿಯದು.

ಎರಡನೆಯ ಡಬ್ಬಿ ಬಗ್ಗೆ ತಕರಾರಿಲ್ಲ. ಬ್ರೇಕ್, ಕ್ಲಚ್, ಶಾಕ್ ಅಬ್ಸಾರ್ಬರನ್ನು ಕಾರು ಕಂಪನಿ ಸಾಮಾನ್ಯವಾಗಿ ತಾನೇ ಮಾಡುವುದಿಲ್ಲ. ಬ್ರೇಕ್ಸ್ ಇಂಡಿಯಾ, ಬಾಷ್, ವ್ಯಾಲಿಯೋ, ಗೇಬ್ರಿಯಲ್ ಥರದವರಿಂದ ತರಿಸಿಕೊಳ್ಳುತ್ತದೆ. ಅವರದೇ ಡಬ್ಬಿಯಲ್ಲಿ ಕೊಂಡರೆ ಲೋಗೋಗೆ ಕೊಡುವ ದುಡ್ಡು ಉಳಿಯುತ್ತದೆ. ದುಡ್ಡು ಉಳಿಸುವ ಆಸೆ ಇದ್ದವರಿಗೆ ಹೇಳಬೇಕಾದ ದಾರಿ ಇದೇ. ಮೂರನೇ ಡಬ್ಬಿಗೆ ಕೈ ಹಾಕುವ ಮುನ್ನ ಕೇಳಿಕೊಳ್ಳಬೇಕಾದದ್ದು ಒಂದೇ: ಈ ಸಾಮಾನು ಕೈಕೊಟ್ಟರೆ ಜೊತೆಗೆ ಇನ್ನೇನು ಹೋಗುತ್ತದೆ?

ಬ್ರೇಕ್ ಪ್ಯಾಡಿನಿಂದಲೇ ಶುರು ಮಾಡೋಣ. ಒಳ್ಳೆಯ ಪ್ಯಾಡಿನ ಅಂಚಿನಲ್ಲಿ ಬಹುತೇಕ ಎರಡಕ್ಷರದ ಒಂದು ಸಂಕೇತ ಇರುತ್ತದೆ, 'ಎಫ್‌ಎಫ್', 'ಜಿಜಿ' ಹೀಗೆ. ಮೊದಲ ಅಕ್ಷರ ಸಾಧಾರಣ ಬಿಸಿಯಲ್ಲಿ ಪ್ಯಾಡ್ ಎಷ್ಟು ಹಿಡಿಯುತ್ತದೆ ಎನ್ನುವುದನ್ನು, ಎರಡನೆಯದು ಚೆನ್ನಾಗಿ ಕಾದ ಮೇಲೆ ಎಷ್ಟು ಹಿಡಿಯುತ್ತದೆ ಎನ್ನುವುದನ್ನು ಹೇಳುತ್ತದೆ. 'ಇ' ಅಂದರೆ ಘರ್ಷಣಾಂಕ (ಹಿಡಿತದ ಅಳತೆ) 0.25ರಿಂದ 0.35, 'ಎಫ್' ಅಂದರೆ 0.35ರಿಂದ 0.45, 'ಜಿ' ಅಂದರೆ 0.45ರಿಂದ 0.55. 'ಎಫ್‌ಇ' ಎಂದಿದ್ದರೆ ಕಾದಾಗ ಹಿಡಿತ ಇಳಿಯುತ್ತದೆ ಎಂದು ತಯಾರಕರೇ ಒಪ್ಪಿಕೊಂಡಂತೆ. ಅಗ್ಗದ ಪ್ಯಾಡುಗಳಲ್ಲಿ ಅಕ್ಷರವೇ ಇರುವುದಿಲ್ಲ, ಇದ್ದರೂ ಅಚ್ಚು ಮಾಡಿದವರ ಮಾತನ್ನು ನಂಬಬೇಕಷ್ಟೆ. ಊರೊಳಗಿನ ಸಿಗ್ನಲ್‌ಗಳಲ್ಲಿ ಈ ವ್ಯತ್ಯಾಸ ಗೊತ್ತೇ ಆಗುವುದಿಲ್ಲ, ಮೋಸವಿರುವುದೇ ಅಲ್ಲಿ. ಕೊಟ್ಟಿಗೆಹಾರದಿಂದ ಚಾರ್ಮಾಡಿ ಘಾಟಿ ಇಳಿಯುವಾಗ, ಐದು ಜನ ಮತ್ತು ಲಗೇಜು ತುಂಬಿಕೊಂಡು ಪ್ರತಿ ತಿರುವಿಗೂ ಬ್ರೇಕ್ ತುಳಿದಾಗ, ಪ್ಯಾಡ್ ಅಂಟಿಸಿದ ರಾಳ ಸುಟ್ಟು ಅನಿಲ ಬಿಡುತ್ತದೆ. ಪೆಡಲ್ ಗಟ್ಟಿಯಾಗಿಯೇ ಇರುತ್ತದೆ, ಗಾಡಿ ಮಾತ್ರ ನಿಲ್ಲುವುದಿಲ್ಲ.

ಪೆಡಲ್ ಮೆತ್ತಗಾಗಿ ಕೆಳಗೆ ಹೋದರೆ ಅದು ಬೇರೆ ಕಾಯಿಲೆ, ಬ್ರೇಕ್ ಆಯಿಲ್ ಕುದಿದಿದೆ. ಡಾಟ್ 4 ದರ್ಜೆಯ ಆಯಿಲ್ ಹೊಸದಿರುವಾಗ ಕನಿಷ್ಠ 230 ಡಿಗ್ರಿ ಸೆಲ್ಸಿಯಸ್‌ವರೆಗೆ ಕುದಿಯಬಾರದು. ತೇವ ಹೀರಿದ ಮೇಲೆ ಆ ಮಿತಿ 155ಕ್ಕೆ ಇಳಿಯುತ್ತದೆ. ಡಾಟ್ 3ಕ್ಕೆ ಇದೇ ಲೆಕ್ಕ 205 ಮತ್ತು 140. ಸೀಲ್ ಒಡೆದ ಡಬ್ಬಿಯಿಂದ ಅರ್ಧರ್ಧ ಸುರಿಯುವ ಗ್ಯಾರೇಜಿನಲ್ಲಿ ಒಳ್ಳೆಯ ಬ್ರ್ಯಾಂಡ್ ಕೂಡ ಅಗ್ಗದ ಮಾಲೇ ಆಗುತ್ತದೆ.

ಇನ್ನೊಂದು ದೋಷ ಕಣ್ಣಿಗೇ ಕಾಣುತ್ತದೆ. ಪ್ಯಾಡಿನ ಹಿಂದಿನ ಉಕ್ಕಿನ ತಗಡು ನೋಡಿ. ತಗಡಿನಲ್ಲಿ ತೂತುಗಳಿದ್ದು ಘರ್ಷಣೆಯ ವಸ್ತು ಅವುಗಳೊಳಗೆ ಇಳಿದು ಕಚ್ಚಿಕೊಂಡಿದ್ದರೆ ಒಳ್ಳೆಯದು. ಬರೀ ಅಂಟಿನ ಮೇಲೆ ನಿಂತದ್ದು ತಗಡಿಗೆ ತುಕ್ಕು ಹಿಡಿದಂತೆ ಎದ್ದು ಬರುತ್ತದೆ, ಕರಾವಳಿಯಲ್ಲಿ ಇನ್ನೂ ಬೇಗ. ಹಿಂಬದಿಯ ಶಿಮ್ (ಸದ್ದು ತಡೆಯುವ ತೆಳು ಹಾಳೆ), ಸವೆತ ತಿಳಿಸುವ ಕಿರುಚು ಪಟ್ಟಿ ಇವೆಯೇ, ನಾಲ್ಕೂ ಪ್ಯಾಡಿನ ದಪ್ಪ ಒಂದೇ ಇದೆಯೇ ನೋಡಿ. ತಗಡಿನ ಕಿವಿ ಪ್ಯಾಡ್ ಹಿಡಿದಿಡುವ ಕ್ಯಾಲಿಪರ್ ಬ್ರಾಕೆಟ್ಟಿನಲ್ಲಿ ಬೆರಳಿನಿಂದಲೇ ಜಾರಬೇಕು. ಮೆಕ್ಯಾನಿಕ್ ಅರ ಹಿಡಿದು ಉಜ್ಜಿ ಕೂರಿಸುತ್ತಿದ್ದರೆ ಪ್ಯಾಡ್ ವಾಪಸ್ ಕೊಡಿ. ಬಿಗಿಯಾಗಿ ಕೂತದ್ದು ಬ್ರೇಕ್ ಬಿಟ್ಟರೂ ಹಿಂದೆ ಸರಿಯದೆ ಡಿಸ್ಕನ್ನು ಕಾಯಿಸುತ್ತಲೇ ಇರುತ್ತದೆ. ಹೊಸ ಪ್ಯಾಡ್ ಹಾಕಿದ ಮೇಲೆ ಅದು ಡಿಸ್ಕಿಗೆ ಹೊಂದಿಕೊಳ್ಳಲು ಖಾಲಿ ರಸ್ತೆಯಲ್ಲಿ ವೇಗವನ್ನು ಗಂಟೆಗೆ 60 ಕಿ.ಮೀ.ನಿಂದ 20ಕ್ಕೆ ಎಂಟು ಹತ್ತು ಸಲ ನಿಧಾನವಾಗಿ ಇಳಿಸಬೇಕು, ಪೂರ್ತಿ ನಿಲ್ಲಿಸದೆ, ನಡುವೆ ಆರಲು ಬಿಟ್ಟು. ಇದನ್ನು ಮಾಡದೆ ಒಳ್ಳೆಯ ಪ್ಯಾಡನ್ನೂ ಬೈಯುವವರಿದ್ದಾರೆ.

ಆಯಿಲ್ ಫಿಲ್ಟರಿನ ಲೆಕ್ಕ ನಗು ತರಿಸುವಂಥದ್ದು. ಅಸಲಿಗೂ ಲೋಕಲ್‌ಗೂ ವ್ಯತ್ಯಾಸ ಒಂದು ಮಸಾಲೆ ದೋಸೆಯ ದುಡ್ಡು. ಅದಕ್ಕಾಗಿ ಒಳಗಿನ ರಬ್ಬರ್ ವಾಲ್ವ್ ಗಟ್ಟಿಯಾಗಿ, ಎಂಜಿನ್ ಆಫ್ ಆದಾಗ ಫಿಲ್ಟರಿನ ಆಯಿಲ್ ಕೆಳಗಿಳಿದು, ಬೆಳಗ್ಗೆ ಸ್ಟಾರ್ಟ್ ಮಾಡಿದ ಕೂಡಲೇ ಕಟಕಟ ಸದ್ದು. ಆ ಕೆಲವು ಸೆಕೆಂಡು ಬೇರಿಂಗುಗಳಿಗೆ ಆಯಿಲ್ ಒತ್ತಡವಿಲ್ಲ. ಡೀಸೆಲ್ ಫಿಲ್ಟರಂತೂ ಕೇಳಲೇಬೇಡಿ: ಸಾವಿರ ಬಾರ್ ಮೀರಿದ ಒತ್ತಡದಲ್ಲಿ ಕೆಲಸ ಮಾಡುವ ಕಾಮನ್ ರೈಲ್ ಇಂಜೆಕ್ಟರಿಗೆ (ಎಂಜಿನ್ನಿಗೆ ಡೀಸೆಲ್ ಸಿಂಪಡಿಸುವ ಭಾಗ) ಸಣ್ಣ ಧೂಳು, ಒಂದು ಹನಿ ನೀರು ಸಾಕು.

ಎಂಜಿನ್ನಿನ ಪಿಸ್ಟನ್ನಿಗೂ ವಾಲ್ವಿಗೂ ತಾಳ ಹೊಂದಿಸುವ ಟೈಮಿಂಗ್ ಬೆಲ್ಟ್ ವಿಷಯದಲ್ಲಿ ಚೌಕಾಸಿಯೇ ಇಲ್ಲ. ಡಸ್ಟರ್, ಟೆರಾನೋ, ವೆರಿಟೊಗಳಲ್ಲಿರುವ ರೆನೋ 1.5 ಡೀಸೆಲ್ ಎಂಜಿನ್‌ನಲ್ಲಿ ಬೆಲ್ಟ್ ತುಂಡಾದರೆ ಪಿಸ್ಟನ್ ಬಂದು ವಾಲ್ವಿಗೆ ಹೊಡೆಯುತ್ತದೆ, ಹೆಡ್ (ಎಂಜಿನ್ನಿನ ಮೇಲ್ಭಾಗ) ಇಳಿಸಲೇಬೇಕು. ಬೆಲ್ಟ್ ಒಳ್ಳೆಯದು ತಂದು ಅದನ್ನು ಬಿಗಿಯಾಗಿಡುವ ಟೆನ್ಶನರ್ ಅಗ್ಗದ್ದು ಹಾಕುವವರೂ ಇದ್ದಾರೆ. ಟೆನ್ಶನರಿನ ಬೇರಿಂಗ್ ಜಾಮ್ ಆದರೆ ಹೊಸ ಬೆಲ್ಟೂ ಹೋಗುತ್ತದೆ. ಬೆಲ್ಟ್, ಟೆನ್ಶನರ್, ವಾಟರ್ ಪಂಪ್ ಒಟ್ಟಿಗೇ ಬದಲಿಸಿ.

ಚಕ್ರವನ್ನು ಕೆಳಗಿನಿಂದ ಹಿಡಿದಿಡುವ ಲೋವರ್ ಆರ್ಮಿನ ರಬ್ಬರ್ ಬುಶ್ ಆರು ತಿಂಗಳಿಗೇ ಹರಿದರೆ ರಬ್ಬರನ್ನೇ ಬೈಯಬೇಡಿ. ಗಾಡಿ ಜಾಕ್ ಮೇಲೆ ತೂಗುತ್ತಿರುವಾಗಲೇ ಬೋಲ್ಟ್ ಪೂರ್ತಿ ಬಿಗಿದರೆ ಚಕ್ರ ನೆಲಕ್ಕೆ ಇಳಿದಾಗ ಬುಶ್ ತಿರುಚಿಕೊಂಡೇ ಇರುತ್ತದೆ. ಗಾಡಿಯ ಭಾರ ಚಕ್ರದ ಮೇಲೆ ಬಿದ್ದ ಮೇಲೆ ಕೊನೆಯ ಬಿಗಿ, ನಂತರ ಅಲೈನ್‌ಮೆಂಟ್. ಆದರೆ ಚಕ್ರವನ್ನು ಆರ್ಮಿಗೆ ಜೋಡಿಸುವ ಬಾಲ್ ಜಾಯಿಂಟ್, ಸ್ಟೀರಿಂಗಿಗೆ ಜೋಡಿಸುವ ಟೈರಾಡ್ ಎಂಡ್ ಮಾತ್ರ ಲೋಕಲ್ ಬೇಡ. ಅದು ಕಳಚಿಕೊಂಡರೆ ಚಕ್ರ ಮಡಚಿಕೊಳ್ಳುತ್ತದೆ.

ಹೆಡ್‌ಲೈಟಿಗೆ 100/90 ವ್ಯಾಟಿನ ಬಲ್ಬ್ ಮಾರುವವರು ಹೋಲ್ಡರ್ ಕರಗುವುದನ್ನು ಹೇಳುವುದಿಲ್ಲ. ಮಾಮೂಲಿ 60/55ರ ಎಚ್4 ಬಲ್ಬ್ ಹೈ ಬೀಮಿನಲ್ಲಿ ಸುಮಾರು 5 ಆಂಪಿಯರ್ ಎಳೆದರೆ ಇದು 8ಕ್ಕೂ ಹೆಚ್ಚು ಎಳೆಯುತ್ತದೆ, ಅದೇ ಹಳೇ ತೆಳು ವೈರಿನಲ್ಲಿ. ಬೇರೆ ರಿಲೇ (ಹೆಚ್ಚಿನ ಕರೆಂಟ್ ನಿಭಾಯಿಸುವ ಸ್ವಿಚ್) ಮತ್ತು ದಪ್ಪ ವೈರಿಂಗ್ ಇಲ್ಲದೆ ಹಾಕಿಸಬೇಡಿ. ಊರೊಳಗೆ ಓಡಾಡುವವರಿಗೆ ಅದರ ಅಗತ್ಯವೂ ಇಲ್ಲ.

ಹಾಗಾದರೆ ಮೂರನೇ ಡಬ್ಬಿ ಯಾವುದಕ್ಕೆ? ವೈಪರ್ ಬ್ಲೇಡ್, ಎಸಿ ಕ್ಯಾಬಿನ್ ಫಿಲ್ಟರ್, ಮ್ಯಾಟ್, ಮಡ್ ಫ್ಲ್ಯಾಪ್, ಡೋರ್ ಹ್ಯಾಂಡಲ್, ಕನ್ನಡಿಯ ಗಾಜು. ಧಾರಾಳವಾಗಿ ತನ್ನಿ, ಕೆಟ್ಟರೆ ಅದೊಂದೇ ಕೆಡುತ್ತದೆ. ಫೆಂಡರ್, ಬಾನೆಟ್ ಬೇಕಿದ್ದರೆ ಹೊಸ ತೆಳು ತಗಡಿಗಿಂತ ಶಿವಾಜಿನಗರದ ಗುಜರಿಯ ಅಸಲಿ ಪ್ಯಾನಲ್ ಮೇಲು, ಬೋಲ್ಟಿನ ತೂತುಗಳಾದರೂ ಸರಿಯಾಗಿ ಕೂರುತ್ತವೆ. ಗುಜರಿಯಿಂದ ಏರ್‌ಬ್ಯಾಗ್, ಸೀಟ್ ಬೆಲ್ಟ್ ಬೇಡ.

ಮೂರನೇ ಡಬ್ಬಿಗಿಂತ ಅಪಾಯಕಾರಿ ಎಂದರೆ ಮೊದಲನೆಯದರ ವೇಷ ಹಾಕಿದ್ದು. ಲೋಕಲ್ ಮಾಲು ತಾನು ಲೋಕಲ್ ಎಂದು ಹೇಳಿಕೊಳ್ಳುತ್ತದೆ, ಡೂಪ್ಲಿಕೇಟ್ ಹೇಳುವುದಿಲ್ಲ. ಡಬ್ಬಿಯ ಪಾರ್ಟ್ ನಂಬರೂ ಸಾಮಾನಿನ ಮೇಲೆ ಕೆತ್ತಿದ್ದೂ ತಾಳೆಯಾಗಬೇಕು, ಎಂಆರ್‌ಪಿ ಮತ್ತು ತಯಾರಿಕೆಯ ತಿಂಗಳು ಅಳಿಸಿರಬಾರದು, ಹಳೇ ಪಾರ್ಟ್ ಕೈಯಲ್ಲಿ ಹಿಡಿದು ತೂಕ ಹೋಲಿಸಬೇಕು. 'ಬಿಲ್ ಬೇಡ ಅಂದ್ರೆ ಇನ್ನೂ ಕಮ್ಮಿ ಮಾಡ್ತೀನಿ' ಎನ್ನುವ ಮಾತಿಗೆ ಬೀಳಬೇಡಿ. 2025ರ ಸೆಪ್ಟೆಂಬರ್ 22ರಿಂದ ಸ್ಪೇರ್ ಮೇಲಿನ ಜಿಎಸ್‌ಟಿ 28ರಿಂದ 18 ಶೇಕಡಾಕ್ಕೆ ಇಳಿದಿದೆ, ಬಿಲ್ ತಪ್ಪಿಸಿ ಉಳಿಯುವುದು ಮೊದಲಿಗಿಂತ ಕಡಿಮೆ, ವಾರಂಟಿಯಂತೂ ಪೂರ್ತಿ ಹೋಗುತ್ತದೆ. ಸೆನ್ಸರ್, ರಿಲೇ ಥರದ ಎಲೆಕ್ಟ್ರಿಕಲ್ ಸಾಮಾನನ್ನು ಹೆಚ್ಚಿನ ಅಂಗಡಿಗಳು ಒಮ್ಮೆ ಕೊಟ್ಟರೆ ವಾಪಸ್ ತೆಗೆದುಕೊಳ್ಳುವುದಿಲ್ಲ. ಹೋಗುವ ಮುನ್ನ ಚಾಸಿ ನಂಬರ್ ಬರೆದುಕೊಂಡು ಹೋಗಿ, ಅದರ ಮೇಲೆಯೇ ಪಾರ್ಟ್ ನಂಬರ್ ತೆಗೆಸಿ.