ಮಳೆಗಾಲದಲ್ಲಿ ಹಳೆಯ ಕಾರಿನ ಎಸಿ ಬಿಚ್ಚಿಸುವ ಮುನ್ನ

ಅಪ್ಪ 1994ರಲ್ಲಿ ಕೊಂಡ ಕಾಂಟೆಸ್ಸಾ ಕ್ಲಾಸಿಕ್ ಇಂದಿಗೂ ಜಯನಗರದ ನಮ್ಮ ಮನೆಯ ಮುಂದಿದೆ. ಅದರ ಎಸಿಯನ್ನು ಒಂದೇ ಮಳೆಗಾಲದಲ್ಲಿ ನಾನು ಹಾಳು ಮಾಡಿಸಿಕೊಂಡೆ. ಹಾಳು ಮಾಡಿದ್ದು ನೀರು, ಅದೂ ಕಣ್ಣಿಗೆ ಕಾಣದಷ್ಟು ನೀರು. ಹಳೆಯ ಕಾರು ಸಾಕುತ್ತಿರುವವರಿಗೆ ಇದು ತಿಳಿದಿರಲಿ ಎಂದು ಬರೆಯುತ್ತಿದ್ದೇನೆ.

ಜುಲೈನಲ್ಲಿ ತಂಪು ಕಡಿಮೆಯಾಯಿತು. ಗ್ಯಾರೇಜಿನವರು ಒಂದು ಹೋಸ್ ಸೋರುತ್ತಿದೆ ಎಂದು ಪತ್ತೆ ಹಚ್ಚಿದರು. ಆ ಪತ್ತೆ ಸರಿಯಾಗಿಯೇ ಇತ್ತು. ಹೊಸ ಹೋಸ್ ಮಾಡಿಸಿ ತರಲು ನಾಲ್ಕು ದಿನ ಹಿಡಿಯಿತು. ಮೂರನೆಯ ದಿನ ನೋಡಲು ಹೋದಾಗ ಜಿನುಗುಮಳೆ ಹಿಡಿದಿತ್ತು, ಬಾನೆಟ್ ತೆರೆದೇ ಇತ್ತು, ಬಿಚ್ಚಿದ ಪೈಪುಗಳ ಬಾಯಿಗೆ ಮುಚ್ಚಳವಾಗಲಿ ಟೇಪಾಗಲಿ ಇರಲಿಲ್ಲ. ಕಂಪ್ರೆಸರ್ ಎಣ್ಣೆಯ ಡಬ್ಬಿಯೂ ಬಾಯಿ ತೆರೆದು ಬೆಂಚಿನ ಮೇಲೆ ಕುಳಿತಿತ್ತು. ಇದೆಲ್ಲವನ್ನೂ ಕಂಡೆ, ಆದರೆ ಒಂದು ಮಾತನ್ನೂ ಕೇಳಲಿಲ್ಲ. ಆ ಮೌನ ಈಗಲೂ ನನ್ನನ್ನು ಕಾಡುತ್ತದೆ.

ಆ ಕಾಲದ ಕಾರುಗಳ ಎಸಿಗೆ ಆರ್-12 ಅನಿಲ ಬಳಸುತ್ತಿದ್ದರು. ಓಝೋನ್ ಪದರದ ರಕ್ಷಣೆಗಾಗಿ ಆದ 1987ರ ಮಾಂಟ್ರಿಯಲ್ ಒಪ್ಪಂದದ ನಂತರ ಅದರ ಬಳಕೆ ಹಂತಹಂತವಾಗಿ ನಿಂತಿತು. ನಮ್ಮ ಕಾರನ್ನೂ ಹಿಂದೆಯೇ ಆರ್-134ಎ ಅನಿಲಕ್ಕೆ ಬದಲಾಯಿಸಿದ್ದೆವು. ಇದರ ಜೊತೆಗೆ ಕಂಪ್ರೆಸರಿಗೆ ಹಾಕುವ ಪ್ಯಾಗ್ ಎಂಬ ಎಣ್ಣೆ ಗಾಳಿಯಲ್ಲಿರುವ ತೇವವನ್ನು ಹತ್ತಿಯಂತೆ ಹೀರಿಕೊಳ್ಳುತ್ತದೆ. ಅನಿಲ ಹರಿಯುವ ದಾರಿಯಲ್ಲಿ ಕೂರಿಸುವ ಡ್ರೈಯರ್ ಬಾಟಲಿಯೊಳಗಿನ ಹರಳುಗಳ ಕೆಲಸವೂ ತೇವ ಹೀರುವುದೇ. ನಾಲ್ಕು ದಿನ ಬಾಯಿ ತೆರೆದಿಟ್ಟರೆ ಅವು ಮಳೆಗಾಲದ ಗಾಳಿಯನ್ನೇ ಕುಡಿದು ತುಂಬಿಬಿಡುತ್ತವೆ, ಮುಂದೆ ಅನಿಲದಲ್ಲಿನ ತೇವಕ್ಕೆ ಅಲ್ಲಿ ಜಾಗ ಉಳಿಯುವುದಿಲ್ಲ. ನನ್ನ ಕಾರಿಗೆ ಹೊಸ ಡ್ರೈಯರ್ ಹಾಕಲಿಲ್ಲ. ಹಳೆಯದನ್ನೇ ಒರೆಸಿ ಕೂರಿಸಿದರು.

ಆಮೇಲೆ ಒಳಗಿನ ಗಾಳಿಯನ್ನೂ ತೇವವನ್ನೂ ಹೊರಗೆಳೆಯುವ ವ್ಯಾಕ್ಯೂಮ್ ಪಂಪು ಹಚ್ಚಿದರು. ಹತ್ತು ನಿಮಿಷವಾಗಿರಬಹುದು. "ನೋಡಿ ಸರ್, ಮುಳ್ಳು ಇಪ್ಪತ್ತೈದು ದಾಟಿದೆ, ಸಾಕು" ಎಂದು ಗ್ಯಾಸ್ ತುಂಬಿದರು.

ಇಲ್ಲಿ ಸ್ವಲ್ಪ ನಿಂತು ಓದಿ. ಸಮುದ್ರಮಟ್ಟದಲ್ಲಿ ಗಾಳಿಯ ಒತ್ತಡ ಸುಮಾರು 30 ಇಂಚು ಪಾದರಸ. ನಮ್ಮ ಬೆಂಗಳೂರು 900 ಮೀಟರಿಗೂ ಎತ್ತರದಲ್ಲಿರುವುದರಿಂದ ಇಲ್ಲಿ ಅದು ಸುಮಾರು 27 ಇಂಚು ಮಾತ್ರ. ಗೇಜಿನ ಮುಳ್ಳು ತೋರಿಸುವುದು ಒಳಗಿನ ಒತ್ತಡ ಹೊರಗಿನದಕ್ಕಿಂತ ಎಷ್ಟು ಇಂಚು ಕಡಿಮೆಯಾಗಿದೆ ಎಂಬುದನ್ನು, ಹಾಗಾಗಿ ಪಂಪು ಎಷ್ಟೇ ಒಳ್ಳೆಯದಿದ್ದರೂ ಮುಳ್ಳು ಇಲ್ಲಿ 27 ದಾಟಲಾರದು. 25 ಡಿಗ್ರಿ ಸೆಲ್ಸಿಯಸ್ ಬಿಸಿಯಲ್ಲಿ ನೀರು ಕುದಿದು ಆವಿಯಾಗಬೇಕಾದರೆ ಒಳಗೆ ಉಳಿದ ಒತ್ತಡ ಒಂದು ಇಂಚಿಗಿಂತ ಕೆಳಗಿಳಿಯಬೇಕು. ಅಂದರೆ ಬೆಂಗಳೂರಿನಲ್ಲಿ ಮುಳ್ಳು 26 ದಾಟಿದ ಮೇಲೆಯೇ ನೀರು ಕುದಿಯಲು ಶುರು! ಮಳೆಯ ತಂಪಿನಲ್ಲಿ ಇನ್ನೂ ಆಳಕ್ಕೆ ಹೋಗಬೇಕು. ಒಣಗುವ ಕೆಲಸವೆಲ್ಲ ಆ ಕೊನೆಯ ಒಂದು ಇಂಚಿನೊಳಗೆ ನಡೆಯುತ್ತದೆ. ಮಾಮೂಲಿ ಮುಳ್ಳಿನ ಗೇಜಿನಲ್ಲಿ ಅದನ್ನು ನಿಖರವಾಗಿ ಓದಲು ಆಗುವುದಿಲ್ಲ, ತೀರಾ ಸಣ್ಣ ಒತ್ತಡವನ್ನೂ ಅಳೆಯುವ ಮೈಕ್ರಾನ್ ಗೇಜ್ ಬೇಕು. ಇಪ್ಪತ್ತೈದಕ್ಕೆ ನಿಲ್ಲಿಸಿದ ನನ್ನ ಕಾರಿನೊಳಗೆ ನೀರು ನೀರಾಗಿಯೇ ಉಳಿಯಿತು.

ಮನೆಗೆ ಬರುವಾಗ ಒಳ್ಳೆಯ ತಂಪಿತ್ತು. ಮರುದಿನ ಸಿಲ್ಕ್ ಬೋರ್ಡ್ ಬಳಿಯ ದಟ್ಟಣೆಯಲ್ಲಿ, ಹೊರಟು ಇಪ್ಪತ್ತು ನಿಮಿಷವಾಗಿರಬೇಕು, ಬಿಸಿಗಾಳಿ ಬೀಸತೊಡಗಿತು. ಎಸಿ ನಿಲ್ಲಿಸಿ ಕಾಲು ಗಂಟೆ ಬಿಟ್ಟು ಹಾಕಿದರೆ ಮತ್ತೆ ತಂಪು, ಮತ್ತೆ ಬಿಸಿ. ಈ ಲಕ್ಷಣವನ್ನು ದಯವಿಟ್ಟು ನೆನಪಿಡಿ. ತಂಪಾಗುವ ಮುನ್ನ ಅನಿಲ ಹಾದುಹೋಗುವ ಎಕ್ಸ್‌ಪ್ಯಾನ್ಷನ್ ವಾಲ್ವಿನ ಸೂಜಿಮೊನೆಯಷ್ಟು ರಂಧ್ರದಲ್ಲಿ ನೀರು ಹೆಪ್ಪುಗಟ್ಟಿ ದಾರಿ ಮುಚ್ಚುತ್ತದೆ, ಎಸಿ ನಿಂತಾಗ ಕರಗಿ ದಾರಿ ಬಿಡುತ್ತದೆ. ಗ್ಯಾಸ್ ಕಡಿಮೆಯಾಗಿದ್ದರೆ ಸಾಮಾನ್ಯವಾಗಿ ತಂಪು ಹೀಗೆ ಬಂದು ಹೋಗಿ ಆಟವಾಡುವುದಿಲ್ಲ, ಕಡಿಮೆಯಾದದ್ದು ಕಡಿಮೆಯಾಗಿಯೇ ಇರುತ್ತದೆ. ಗ್ಯಾರೇಜಿನವರು ಮಾತ್ರ "ಗ್ಯಾಸ್ ಕಡಿಮೆಯಾಗಿದೆ ಸರ್" ಎಂದು ಎರಡು ಸಲ ತುಂಬಿಸಿದರು, ಎರಡು ಸಲವೂ ಹಣ ಪಡೆದರು.

ನವೆಂಬರಿನಲ್ಲಿ ಕಂಪ್ರೆಸರ್ ಕರಕರ ಸದ್ದು ಮಾಡಿತು. ಜೆ.ಸಿ. ರಸ್ತೆಯ ಹಿರಿಯ ಮೆಕ್ಯಾನಿಕ್ ಒಬ್ಬರು ಬಿಚ್ಚಿ, ಎಣ್ಣೆಯನ್ನು ಬಿಳಿ ಬಟ್ಟೆಯ ಮೇಲೆ ಹನಿಸಿ ತೋರಿಸಿದರು. ಕಾಫಿ ಡಿಕಾಕ್ಷನ್ನಿನ ಬಣ್ಣ, ಮೂಗಿಗೆ ಹುಳಿ ವಾಸನೆ. ನೀರು ಮತ್ತು ಅನಿಲ ಬಿಸಿಯಲ್ಲಿ ಸೇರಿದರೆ ಆಮ್ಲವಾಗುತ್ತದೆ, ಅದು ಲೋಹವನ್ನು ಒಳಗಿಂದಲೇ ತಿನ್ನುತ್ತದೆ. ಕೂಲಿಂಗ್ ಕಾಯಿಲ್ ತೂತಾಗಿತ್ತು, ಡ್ರೈಯರ್‌ನ ಹರಳು ಪುಡಿಯಾಗಿ ವಾಲ್ವಿನವರೆಗೂ ಹೋಗಿತ್ತು. ಕಾಂಟೆಸ್ಸಾ ತಯಾರಿಕೆ 2002ರಲ್ಲೇ ನಿಂತಿದೆ, ಹೊಸ ಕಾಯಿಲ್ ಎಲ್ಲಿಂದ ತರುವುದು? ಅಳತೆ ಕೊಟ್ಟು ಮಾಡಿಸಬೇಕಾಯಿತು. ಒಟ್ಟು ನಲವತ್ತೊಂದು ಸಾವಿರ ರೂಪಾಯಿ. ಹೊಸ ಡ್ರೈಯರಿನ ಬೆಲೆ ಎರಡು ಸಾವಿರವೂ ಇರಲಿಲ್ಲ.

ಆ ಹಿರಿಯರು ಕೆಲಸ ಮಾಡಿದ ಕ್ರಮವನ್ನು ನಿಮ್ಮ ಗ್ಯಾರೇಜಿನಲ್ಲೂ ಕೇಳಿ ಪಡೆಯಿರಿ. ಪೈಪ್ ಬಿಚ್ಚಿದ ಕ್ಷಣವೇ ಬಾಯಿ ಮುಚ್ಚಿದರು. ಸೋರಿಕೆ ನೋಡಲು ಗ್ಯಾರೇಜಿನ ಗಾಳಿ ತುಂಬುವ ಯಂತ್ರದ ಗಾಳಿ ಬಿಡದೆ ಒಣ ನೈಟ್ರೋಜನ್ ಬಳಸಿದರು, ಏಕೆಂದರೆ ಆ ಗಾಳಿಯಲ್ಲೇ ನೀರಿರುತ್ತದೆ. ಎಣ್ಣೆಯ ಡಬ್ಬಿಯ ಸೀಲನ್ನು ನನ್ನೆದುರೇ ಒಡೆದರು. ಡ್ರೈಯರನ್ನು ಎಲ್ಲಕ್ಕಿಂತ ಕೊನೆಗೆ, ಪಂಪು ಹಚ್ಚುವ ಮುನ್ನ ಕೂರಿಸಿದರು. ಅದು ಆರ್-134ಎಗೆ ಹೊಂದುವ ಡ್ರೈಯರ್ ಹೌದೇ ಎಂಬುದನ್ನೂ ನೋಡಿಕೊಳ್ಳಿ, ಹಳೆಯ ಆರ್-12ರ ಹರಳು ಇದಕ್ಕೆ ತಾಳುವುದಿಲ್ಲ. ಪಂಪು ಎರಡು ಗಂಟೆ ಓಡಿತು. ನಂತರ ಪಂಪಿನ ಕಡೆಯ ವಾಲ್ವ್ ಮುಚ್ಚಿ, "ಈಗ ಗ್ಯಾಸ್ ಬೇಡ, ಬೆಳಿಗ್ಗೆ ಬನ್ನಿ" ಎಂದರು. ಒಳಗೆ ನೀರು ಉಳಿದಿದ್ದರೆ ಅದು ಆವಿಯಾಗಿ ಒಳಗಿನ ಒತ್ತಡ ಏರಿ ಗೇಜು ಕದಲುತ್ತದೆಯಂತೆ. ಬೆಳಿಗ್ಗೆ ಎಂಟಕ್ಕೇ ಹೋಗಿ ನೋಡಿದೆ. ಗೇಜು ರಾತ್ರಿ ಬಿಟ್ಟಲ್ಲೇ ಇತ್ತು.

ತುಕ್ಕು ಹಿಡಿದ ಹಳೆಯ ವಾಲ್ವನ್ನು ಎಸೆದಿಲ್ಲ. ಗೇಜಿನ ಮುಳ್ಳು ತೋರಿಸಿ "ಸಾಕು" ಎಂದು ಯಾರಾದರೂ ನಿಮಗೂ ಹೇಳಿದರೆ, ಬಂದು ಅದನ್ನೊಮ್ಮೆ ನೋಡಿಕೊಂಡು ಹೋಗಿ.