ಕಡಲ ವಾಕರಿಕೆಗೆ ಶುಂಠಿಯೋ, ಮಾತ್ರೆಯೋ, ಮಣಿಕಟ್ಟಿನ ಪಟ್ಟಿಯೋ?

ನಾಗಪಟ್ಟಣದಿಂದ ಶ್ರೀಲಂಕಾದ ಕಾಂಕೇಸನ್‌ತುರೈಗೆ 2023ರ ಅಕ್ಟೋಬರ್‌ನಲ್ಲಿ ಆರಂಭವಾದ ಹಡಗಿನಲ್ಲಿ ವಯಸ್ಸಾದ ತಂದೆಯನ್ನು ಕರೆದೊಯ್ಯಲಿರುವ ತುಮಕೂರಿನ ಗೆಳೆಯರೊಬ್ಬರು, ಸುಮಾರು ನಾಲ್ಕು ಗಂಟೆಗಳ ಆ ಪಯಣಕ್ಕೆ ಈ ಮೂರರಲ್ಲಿ ಯಾವುದು ಸೂಕ್ತವೆಂದು ಕೇಳಿದ್ದಾರೆ.

ಪರಿಣಾಮದಲ್ಲಿ ಮಾತ್ರೆಯೇ ಮುಂದು. ಒಳಗಿವಿ ಗ್ರಹಿಸುವ ಓಲಾಟಕ್ಕೂ ಕಣ್ಣಿಗೆ ಕಾಣುವ ಅಲುಗದ ಕೋಣೆಗೂ ತಾಳೆಯಾಗದೆ ಹುಟ್ಟುವ ಈ ತೊಂದರೆಯನ್ನು ಪ್ರೊಮೆಥಜಿನ್, ಸಿನ್ನರಿಜಿನ್‌ಗಳಂಥ ಔಷಧಗಳು ತಕ್ಕಮಟ್ಟಿಗೆ ತಡೆಯುತ್ತವೆ. ಆದರೆ ಅವನ್ನು ಹಡಗು ಹೊರಡುವ ಒಂದೆರಡು ಗಂಟೆ ಮೊದಲೇ ನುಂಗಬೇಕು, ಏಕೆಂದರೆ ವಾಂತಿ ಶುರುವಾದ ಮೇಲೆ ನುಂಗಿದ್ದು ಹೊಟ್ಟೆಯಲ್ಲಿ ನಿಲ್ಲುವುದಿಲ್ಲ. ತೂಕಡಿಕೆ ಮತ್ತು ಬಾಯಿ ಒಣಗುವಿಕೆ ಅವುಗಳ ಬೆಲೆ. ಗ್ಲಾಕೋಮಾ (ಕಣ್ಣಿನ ನರಕ್ಕೆ ಹಾನಿ ಮಾಡುವ ಕಾಯಿಲೆ) ಅಥವಾ ಪ್ರಾಸ್ಟೇಟ್ (ಗಂಡಸರ ಮೂತ್ರಕೋಶದ ಕೆಳಗಿನ ಗ್ರಂಥಿ) ತೊಂದರೆಯುಳ್ಳ ಹಿರಿಯರು ವೈದ್ಯರನ್ನು ಕೇಳದೆ ಪ್ರೊಮೆಥಜಿನ್ ತೆಗೆದುಕೊಳ್ಳಬಾರದು.

ಶುಂಠಿ ಅಗ್ಗ, ನಿದ್ದೆ ತರಿಸದು. ಅಧ್ಯಯನಗಳ ಫಲಿತಾಂಶ ಮಾತ್ರ ಮಿಶ್ರವಾಗಿದೆ. ಮಣಿಕಟ್ಟಿನ ಒಳಭಾಗವನ್ನು ಒತ್ತಿ ವಾಕರಿಕೆ ತಡೆಯುತ್ತದೆನ್ನುವ ಪಟ್ಟಿಯನ್ನು ಮತ್ತೆ ಮತ್ತೆ ಬಳಸಬಹುದಾದರೂ ಅದರ ಗುಣಕ್ಕೆ ಪುರಾವೆ ತೀರಾ ದುರ್ಬಲ. ನಾನಾದರೆ ಹಣ ಹಾಕುವುದಿಲ್ಲ.

ತುಮಕೂರು ಬಳಿಯ ದೇವರಾಯನದುರ್ಗ ಬೆಟ್ಟದ ರಸ್ತೆಯ ತಿರುವುಗಳಲ್ಲೇ ಹೊಟ್ಟೆ ತೊಳಸುವವರಿಗೆ, ಇಳಿದ ಮೇಲೆ ವಾಹನ ಓಡಿಸುವ ಕೆಲಸವಿಲ್ಲದಿದ್ದರೆ, ಮಾತ್ರೆ ಒಳ್ಳೆಯದು. ಅಷ್ಟಾಗಿ ವಾಕರಿಕೆ ಬಾರದವರಿಗೆ, ಎಚ್ಚರವಾಗಿದ್ದು ಮಕ್ಕಳನ್ನು ನೋಡಿಕೊಳ್ಳಬೇಕಾದವರಿಗೆ ಶುಂಠಿ ಸಾಕಾಗಬಹುದು. ಯಾವುದನ್ನು ಆರಿಸಿದರೂ ಹಡಗಿನ ನಡುಭಾಗದಲ್ಲಿ, ದಿಗಂತ ಕಾಣುವಂತೆ ಕುಳಿತು, ಮೊಬೈಲನ್ನು ಚೀಲದಲ್ಲಿಡಬೇಕು.